ಎರಡು ಮೊಳಕ್ಕೆ ನಾಲ್ಕು ಬೆರಳು ಕಡಿಮೆ

ಅವರ ಬಲಗೈಯ ಹೆಬ್ಬೆರಳು ಕಚೇರಿಯ ಮಸಿ ಹತ್ತಿ ಉಗುರಿನ ಬುಡದವರೆಗೂ ಕಪ್ಪಾಗಿತ್ತು. ಎಡಗೈಯ ಹೆಬ್ಬೆರಳಿನ ಮೇಲೆ ಮೀನಿನ ಗಾಳ ಚುಚ್ಚಿ ಮಾಗಿದ ಕಲೆಯೊಂದು ಜೋಳದ ಕಾಳಿನಂತೆ ಬೆಳ್ಳಗೆ ಉಬ್ಬಿಕೊಂಡಿತ್ತು. ಒಂದು ಕೈ ಸರ್ಕಾರದ್ದು, ಇನ್ನೊಂದು ಹೊಳೆಯದ್ದು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ನಿಜಾಮರ ಕಾಲದ ಯಲಬುರ್ಗಾ ತಹಶೀಲು ಕಚೇರಿಯಲ್ಲಿ ಅವರು ಪೇಶಕಾರರು. ಬಂದವರ ಹೇಳಿಕೆಯನ್ನು ಉರ್ದುವಿನಲ್ಲಿ ಬರೆದು ತಹಶೀಲ್ದಾರರ ಮುಂದಿಡುವುದು ಅವರ ಕೆಲಸ. ನಾನು ಅದೇ ಕಚೇರಿಯ ದಫ್ತರಗಳಿಗೆ ರಟ್ಟು ಕಟ್ಟುವವನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ನಾನು, ಕಟ್ಟಲು ಬಂದ ಪ್ರತಿ ಪುಸ್ತಕವನ್ನೂ ಮೊದಲು ಓದಿ ಆಮೇಲೆ ಹೊಲಿಯುತ್ತಿದ್ದೆ. ಓದಿದ್ದರಲ್ಲಿ ಅರ್ಧದಷ್ಟನ್ನು ನಂಬುತ್ತಿರಲಿಲ್ಲ.

ಪೇಶಕಾರರ ಸಮುದ್ರಯಾತ್ರೆಯ ಬಗ್ಗೆ ಈಗ ನಮ್ಮ ಕಡೆ ಎರಡು ಕಥೆಗಳಿವೆ. ಅವರು ಹುಬ್ಬಳ್ಳಿಯನ್ನೇ ದಾಟಲಿಲ್ಲ, ಅಲ್ಲಿಯ ಖಾನಾವಳಿಯಲ್ಲಿ ಎಂಟು ದಿನ ಉಂಡು ತಿರುಗಿ ಬಂದರು ಎಂಬುದು ಹಳೆಯದು. ಎತ್ತಿನ ಬಂಡಿಯಷ್ಟು ದೊಡ್ಡ ಮೀನನ್ನು ಒಬ್ಬರೇ ದಂಡೆಗೆ ಎಳೆದರು ಎಂಬುದು ಈಚಿನದು. ಎರಡನ್ನೂ ನಾನು ಒಪ್ಪುವುದಿಲ್ಲ. ಅವರ ಜೊತೆಗೆ ಹೋದವನು ನಾನೊಬ್ಬನೇ.

ಸಾಕ್ಷಿ ಹೇಳಲು ಯಾರೇ ಬರಲಿ, ಪೇಶಕಾರರ ಮೊದಲ ಪ್ರಶ್ನೆ ಒಂದೇ: "ನೀ ಆಗ ಎಲ್ಲಿ ನಿಂತಿದ್ದಿ?" ಒಮ್ಮೆ ಕುಕನೂರಿನವನೊಬ್ಬ ನೆರೆಯವರ ಹೊಡೆದಾಟವನ್ನು ಕೈಬಾಯಿ ತಿರುಗಿಸಿ ಅರ್ಧ ತಾಸು ವರ್ಣಿಸಿದ. ಪೇಶಕಾರರು ಲೇಖಣಿ ಎತ್ತಲೇ ಇಲ್ಲ.

"ನೀ ಆಗ ಎಲ್ಲಿ ನಿಂತಿದ್ದಿ?"

"ಗ್ವಾಡಿ ಹಿಂದ ನಿಂತಿದ್ನಿರಿ, ಸಾಹೇಬ್ರ."

"ಹಂಗಾದ್ರ ನೀ ಗ್ವಾಡಿ ನೋಡೀದಿ ಅಂತ ಬರಕೊಂತೀನಿ. ಹೆಬ್ಬೆಟ್ಟು ಒತ್ತು."

ಮನೆಯಲ್ಲಿ ಮಾತ್ರ ಈ ಪ್ರಶ್ನೆ ಅವರಿಗೇ ತಿರುಗುಬಾಣವಾಗುತ್ತಿತ್ತು. ಸಾರಿಗೆ ಉಪ್ಪು ಎರಡು ಸಲ ಬಿದ್ದಿದೆ ಎಂದರೆ ಸಾಕು, ಅವರ ಹೆಂಡತಿ ಒಲೆಯ ಮುಂದಿನಿಂದಲೇ ಕೇಳುತ್ತಿದ್ದರು: "ನಾ ಉಪ್ಪು ಹಾಕುವಾಗ ನೀವು ಎಲ್ಲಿ ನಿಂತಿದ್ರಿ?" ಪೇಶಕಾರರು ಆ ಸಾರಿಗೆ ಇನ್ನಷ್ಟು ಅನ್ನ ಕಲಸಿಕೊಳ್ಳುತ್ತಿದ್ದರು.

ಅವರು ಹುಟ್ಟಿ ಬೆಳೆದದ್ದು ಗಂಗಾವತಿಯ ಆಚೆ, ತುಂಗಭದ್ರೆಯ ದಂಡೆಯ ಹಳ್ಳಿಯಲ್ಲಿ. ಅಲ್ಲಿ ಹಿಡಿದ ಮೀನುಗಳ ವರ್ಣನೆಯನ್ನು ಪ್ರತಿ ಸಂಜೆ ಕಿರಾಣಿ ಸಾಹುಕಾರರ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದರು. ಸಾಹುಕಾರರು ಮೀನು ತಿನ್ನುವುದಿರಲಿ, ಅದರ ಹೆಸರು ಬಂದರೆ ಮೂಗಿಗೆ ಧೋತರದ ಚುಂಗು ಹಿಡಿಯುವವರು. ಆದರೂ ಆ ಮೀನುಗಳ ಉದ್ದದ ವಿಷಯದಲ್ಲಿ ಅವರಷ್ಟು ಆಸ್ಥೆ ಯಾರಿಗೂ ಇರಲಿಲ್ಲ.

"ಕಂಡಾವ್ರು ಯಾರ ಅದಾರ್ರಿ?" ಎನ್ನುತ್ತಿದ್ದರು ಸಾಹುಕಾರರು. "ಯಲಬುರ್ಗಿಯೊಳಗ ಹೊಳಿ ಇಲ್ಲ ಅಂತ ನೀವು ಹೊಳಿ ಮಾತಾಡತೀರಿ."

ಜೀವನವಿಡೀ ಬೇರೆಯವರಿಂದ ಸಾಕ್ಷಿ ಕೇಳಿದ ಮನುಷ್ಯನಿಗೆ ತನ್ನ ಮಾತಿಗೇ ಸಾಕ್ಷಿಯಿಲ್ಲ ಎನ್ನಿಸಿಕೊಳ್ಳುವುದು ಎಷ್ಟು ನಾಟುತ್ತಿತ್ತೆಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಯುದ್ಧದ ಕಾಲದ ಒಂದು ಚಳಿಗಾಲ ಅವರಿಗೆ ಉಬ್ಬಸ ಹೆಚ್ಚಾಯಿತು. ಎಂಟು ದಿನ ಸಮುದ್ರದ ಬೆಚ್ಚನೆಯ ಗಾಳಿ ತೆಗೆದುಕೊಳ್ಳಿ ಎಂದು ಹಕೀಮರು ಹೇಳಿದರು. ಪೇಶಕಾರರು ರಜೆಯ ಅರ್ಜಿಗಿಂತ ಮೊದಲು ಗಾಳದ ದಾರಕ್ಕೆ ಮೇಣ ತೀಡಿದರು. ಕಟ್ಟೆಗೆ ಬಂದು, ಸಮುದ್ರದ ಮೀನು ಹಿಡಿದೇ ಬರುತ್ತೇನೆ ಎಂದರು.

"ಹೋಗಿ ಬರ್ರಿ," ಎಂದರು ಸಾಹುಕಾರರು. "ಉಪ್ಪು ಹಚ್ಚಿ ಬಾಲಾ ಒಂದರ ತರ್ರಿ. ದೂರಿಂದ ನೋಡತೀನಿ. ಮತ್ತ ಈ ರಟ್ಟಿನವನ್ನ ಕರಕೊಂಡ ಹೋಗ್ರಿ. ಇಂವ ಅವರಪ್ಪ ಹೇಳಿದ್ದನ್ನೂ ನಂಬಿದಾಂವಲ್ಲ. ಇಂವ ಬಂದು ಹೂಂ ಅಂದ್ರ ನಾನೂ ಹೂಂ ಅಂತೀನಿ."

ಹೀಗೆ ನಾನು ಸಾಕ್ಷಿದಾರನಾದೆ. ಭಾನಾಪುರದಲ್ಲಿ ರೈಲು ಹತ್ತಿ ಗದಗು, ಹುಬ್ಬಳ್ಳಿ. ಅಲ್ಲಿಂದ, ಪೆಟ್ರೋಲು ಸಿಗದ ಕಾಲವಾದ್ದರಿಂದ, ಇದ್ದಿಲ ಗ್ಯಾಸಿನ ಬಸ್ಸು. ಏರು ಬಂದಲ್ಲೆಲ್ಲ ನಾವು ಇಳಿದು ಬಸ್ಸನ್ನು ನೂಕಿದೆವು. ಉಬ್ಬಸದವರೆಂದು ಒಳಗೆ ಕುಳಿತ ಪೇಶಕಾರರು ಕಿಟಕಿಯಿಂದ ತಲೆ ಹಾಕಿ, "ಎಡಕಿನಾವ್ರು ಸುಮ್ನ ಕೈ ಹಚ್ಯಾರ, ನೂಕವಲ್ರು" ಎಂದು ವರದಿ ಒಪ್ಪಿಸುತ್ತಿದ್ದರು.

ಕಾರವಾರದ ಹತ್ತಿರ ಸಮುದ್ರವನ್ನು ನಾನು ಮೊದಲ ಬಾರಿಗೆ ಕಂಡೆ. ಅದು ಉಪ್ಪೆಂದು ಪುಸ್ತಕಗಳು ಹೇಳುತ್ತವೆ. ಪುಸ್ತಕದ ಮಾತು ಬೇಡವೆಂದು ಮೂರು ಬೇರೆ ಬೇರೆ ಜಾಗಗಳಲ್ಲಿ ನೆಕ್ಕಿ ನೋಡಿದೆ. ಉಪ್ಪೇ. ನಮ್ಮೂರಿನಲ್ಲಿ ಆ ತಿಂಗಳು ಕೊಡದ ನೀರಿಗೆ ಕೈ ಹಾಕಿದರೆ ಬೆರಳು ಸೆಟೆಯುತ್ತಿತ್ತು. ಇಲ್ಲಿ ಮೊಳಕಾಲಿನ ತನಕ ನಿಂತರೆ ಯಾರೋ ನಮಗಾಗಿ ನೀರು ಕಾಯಿಸಿಟ್ಟಂತಿತ್ತು. ಪೇಶಕಾರರ ಎದೆಯ ಸದ್ದು ಎರಡೇ ದಿನಕ್ಕೆ ನಿಂತಿತು.

ಮೀನು ಮಾತ್ರ ಬೀಳಲಿಲ್ಲ. ಹೊಳೆಯ ಮೀನಿಗೆ ಹಾಕುವಂತೆ ಜೋಳದ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಚುಚ್ಚಿ ಐದು ದಿನ, ಬೆಳಗಿನ ಒಂದೆರಡು ತಾಸು, ಎಸೆದರು. ಐದು ದಿನವೂ ಬರಿಯ ಗಾಳ ಬಂತು. ಆರನೆಯ ಬೆಳಿಗ್ಗೆ, ಬಂಡೆಗಳ ಸಂದಿಯಲ್ಲಿ ಚಿಪ್ಪು ಆರಿಸುತ್ತಿದ್ದ ಒಬ್ಬ ಮೀನುಗಾರ ಹೆಂಗಸು ಇದನ್ನು ನೋಡಿ ನೋಡಿ ಸಾಕಾಗಿ ಹತ್ತಿರ ಬಂದಳು.

"ಎಂತಾ ಮಾರಾಯ್ರೆ, ಮೀನಿಗೆ ರೊಟ್ಟಿ ಹಾಕ್ತೀರಲ್ಲ! ಅದೇನು ನಿಮ್ಮನೆ ನೆಂಟನಾ?" ಎಂದು ಬುಟ್ಟಿಯಿಂದ ಒಂದು ಸೀಗಡಿ ತೆಗೆದು ತಾನೇ ಚುಚ್ಚಿ ಕೊಟ್ಟಳು.

ಕಾಲು ತಾಸು ಕಳೆದಿರಬೇಕು, ಬಿದಿರಿನ ಗಳ ಬಿಲ್ಲಾಗಿ ಬಾಗಿತು. ಪೇಶಕಾರರು ಪಕ್ಕದ ಒಂದು ಬಂಡೆಗೆ ಬೆನ್ನು ಕೊಟ್ಟು ನಿಂತರು. ನಾನು ಬಂಡೆಯ ಬಲಕ್ಕೆ, ನೀರಿನಲ್ಲಿ. "ದಾರ ಹಿಡೀಲೇನ್ರಿ?" ಎಂದರೆ, "ನೀ ಸಾಕ್ಷಿ ಅದೀ, ಮುಟ್ಟಬ್ಯಾಡ!" ಎಂದು ಗದರಿದರು. ಕಡೆಗೆ ಬೆಳ್ಳಿಯ ತಾಟನ್ನು ಅಡ್ಡ ಹಿಡಿದಂಥ ಮೀನೊಂದು ಬಂಡೆಯ ಬುಡದ ಮರಳಿನ ಮೇಲೆ ಬಂದು ಬಿತ್ತು. ರಾವಸ ಎಂದು ಆ ಹೆಂಗಸು ಹೆಸರು ಹೇಳಿದಳು. ಪೇಶಕಾರರು ತಮ್ಮ ಬೆತ್ತವನ್ನು ಪಕ್ಕದಲ್ಲಿಟ್ಟು ಅಳೆದು, ಬಾಲದ ತುದಿ ಬಂದಲ್ಲಿ ಚಾಕುವಿನಿಂದ ಕಚ್ಚು ಹಾಕಿದರು. ಎರಡು ಮೊಳಕ್ಕೆ ನಾಲ್ಕು ಬೆರಳು ಕಡಿಮೆ.

ಬೇರೆ ಯಾರಾದರೂ ಆಗಿದ್ದರೆ ಮೀನನ್ನು ಬುಟ್ಟಿಗೆ ಹಾಕುತ್ತಿದ್ದರು. ಪೇಶಕಾರರು ಪಂಚನಾಮೆ ಮಾಡಬೇಕೆಂದರು. ಗಾಳಿಗೆ ಕಾಗದ ಹಾರುತ್ತಿದ್ದುದರಿಂದ ಮೂವತ್ತು ಹೆಜ್ಜೆ ಮೇಲೆ ಮರದ ಮರೆಗೆ ಹೋಗಿ ಕುಳಿತೆವು. ಮೀನು ಅಲ್ಲಿಯೇ, ಬಂಡೆಯ ಬುಡದ ತಗ್ಗಿನಲ್ಲಿ ಉಳಿಯಿತು. ಮಗ್ಗುಲಲ್ಲಿ ನಮ್ಮ ರೊಟ್ಟಿಯ ಗಂಟು ಮತ್ತು ಅವರ ಹೊಸ ಚಪ್ಪಲಿ. ಸಿಕ್ಕ ಮಾಲನ್ನು ಪಂಚನಾಮೆ ಮುಗಿಯುವ ತನಕ ಸಿಕ್ಕ ಜಾಗದಿಂದ ಕದಲಿಸಬಾರದೆಂಬುದು ಅವರು ಮೂವತ್ತು ವರ್ಷ ಪಾಲಿಸಿದ ನಿಯಮ.

"ನೀರು ಏರ್ತದೆ, ಮೀನು ಮೇಲೆ ತಂದ್ಕಳಿ," ಎಂದಳು ಆ ಹೆಂಗಸು.

ಪೇಶಕಾರರು ನಕ್ಕರು. "ತಾಯಿ, ಮುಂಜಾನಿಂದ ನೀರು ಇಳಕೋತನ ಹೊಂಟೈತಿ. ಇಳದ ನೀರು ಇನ್ನ ಮಳಿಗಾಲಕ್ಕ ಏರೂದು. ನಾವೂ ಕೆರಿ ಕಂಡಾವ್ರೀ."

ನಾನೂ ಹೌದೆಂದು ತಲೆಯಾಡಿಸಿದೆ. ನಮ್ಮ ಸೀಮೆಯಲ್ಲಿ ದೀಪಾವಳಿಗೆ ಇಳಿಯತೊಡಗಿದ ಕೆರೆ ಯಾರ ಮುಲಾಜಿಗೂ ತಿರುಗಿ ಏರಿದ್ದಿಲ್ಲ.

ಅವಳನ್ನು ಎರಡನೆಯ ಪಂಚಸಾಕ್ಷಿಯಾಗಿ ಕೂಡಿಸಿಕೊಂಡು ಪೇಶಕಾರರು ಎರಡು ತಾಸು ಬರೆದರು, ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದರು. ಮೀನು, ಎಣಿಕೆಗೆ ನಗ ಒಂದು. ಬಣ್ಣ ಬಿಳಿ. ಮೈಮೇಲೆ ಗಾಯ, ತುಟಿಯಲ್ಲಿ ಒಂದು. ಬಳಿಕ ಚಕ್ಕುಬಂದಿ: ಮೂಡಲಿಗೆ ಮರ, ತೆಂಕಲಿಗೆ ಬಂಡೆ, ಬಡಗಲಿಗೆ ಮರಳು, ಪಡುವಲಿಗೆ ಸಮುದ್ರ, ಅದರ ಮಾಲೀಕರು ಯಾರೆಂದು ವಿಚಾರಿಸಿದಲ್ಲಿ ತಿಳಿದುಬರಲಿಲ್ಲ.

"ಮೀನು ಹಿಡಿದ್ರೂ ಹೆಬ್ಬೆಟ್ಟು ಒತ್ತಬೇಕಾ ನಿಮ್ಮೂರಲ್ಲಿ?" ಎಂದು ಆ ಹೆಂಗಸು ನಗುತ್ತ ಹೆಬ್ಬೆಟ್ಟು ಒತ್ತಿದಳು. ನಾನು ಸಹಿ ಮಾಡಿದೆ. ತಲೆಯೆತ್ತಿ ನೋಡಿದರೆ ಪಡುವಣ ಗಡಿ ತಾನೇ ನಡೆದು ಬಂದಿತ್ತು. ಬಂಡೆಯ ಬುಡವೇ ಕಾಣುತ್ತಿರಲಿಲ್ಲ. ಒಂದು ಚಪ್ಪಲಿ ಗೋವೆಯ ಕಡೆಗೆ ತೇಲುತ್ತಿತ್ತು. ಪೇಶಕಾರರು ಬೆತ್ತ ಹಿಡಿದು ಎದೆಮಟ್ಟದ ನೀರಿಗೆ ಇಳಿದು, ವಾರದ ಹಿಂದಷ್ಟೇ ಉಸಿರಿಗೆ ಪರದಾಡುತ್ತಿದ್ದವರು, ಸಮುದ್ರಕ್ಕೆ ಕೂಗಿ ಹೇಳಿದರು: "ಇದು ಸರ್ಕಾರಿ ಕಾಗದದಾಗ ಬಂದ ಮಾಲು ಐತಿ!"

ಉಳಿದೆರಡು ದಿನ ಸೀಗಡಿ ಚುಚ್ಚಿದರೂ ಏನೂ ಬೀಳಲಿಲ್ಲ.

ಊರಿಗೆ ಮರಳಿದ ಸಂಜೆ ಕಟ್ಟೆಯ ಮೇಲೆ ಸಾಹುಕಾರರು ಪಂಚನಾಮೆಯನ್ನು ಓದಿಸಿ ಕೇಳಿದರು. "ಕಾಗದ ಭಾಳ ಛಲೋ ಐತ್ರಿ. ಮಾಲು ಎಲ್ಲಿ?"

"ಸಮುದ್ರ ಜಪ್ತಿ ಮಾಡಿಕೊಂತು," ಎಂದರು ಪೇಶಕಾರರು ತಗ್ಗಿದ ದನಿಯಲ್ಲಿ.

ಸಾಹುಕಾರರು ನನ್ನ ಕಡೆ ತಿರುಗಿದರು. "ನೀನರ ಹೇಳೊ."

ಕಂಡದ್ದನ್ನು ಕಂಡಂತೆ ಹೇಳಿದೆ. ದಿನಕ್ಕೆರಡು ಸಲ ಸಮುದ್ರ ಹೋಗಿ ಬರುತ್ತದೆ ಎಂದಾಗ ಕಟ್ಟೆಯೇ ಹೊರಳಾಡಿ ನಕ್ಕಿತು. "ಇವನಿಗೂ ಏನೋ ತಿನಿಸ್ಯಾರ್ರೀ!" ಎಂದರು ಸಾಹುಕಾರರು. ಅಲ್ಲಿಯವರೆಗೆ ನಂಬದೆ ಇರುವುದು ನನ್ನ ಹಕ್ಕಾಗಿತ್ತು. ಅದನ್ನೇ ಇನ್ನೊಬ್ಬರಿಂದ ಉಣ್ಣುವುದು ಹೇಗಿರುತ್ತದೆಂದು ಅಂದು ತಿಳಿಯಿತು.

ಹೇಳಿದಂತೆಲ್ಲ ಮೀನು ಬೆಳೆಯುತ್ತದೆ ಎನ್ನುತ್ತಾರೆ. ಪೇಶಕಾರರದು ವರ್ಷ ವರ್ಷಕ್ಕೆ ಸಣ್ಣದಾಯಿತು. ಒಂದೂವರೆ ಮೊಳ ಎಂದರು, ಆಮೇಲೆ ಒಂದು ಮೊಳ, ಕಡೆಗೆ ಗೇಣು. ಗೇಣಿಗೆ ಬಂದಾಗ ಸಾಹುಕಾರರು, "ಈಗ ಹೇಳಿದ್ರಿ ನೋಡ್ರಿ, ಇದು ನಂಬೂ ಮಾತು" ಎಂದು ಎಲೆ ಅಡಿಕೆ ಕೊಟ್ಟರು. ನನಗೆ ಸಿಟ್ಟು ಬಂತು. ಯಾಕೆ ಹೀಗೆ ಮಾಡಿದಿರೆಂದು ಕೇಳಿದೆ.

"ನನ್ನ ಮುಂದ ಎಷ್ಟ ಫಿರ್ಯಾದು ಬಂದು ಹೋಗ್ಯಾವ ತಮ್ಮಾ. ಕೇಳಿದ್ದು ಪೂರ್ತಿ ಯಾರಿಗೂ ಸಿಗೂದಿಲ್ಲ. ಗೇಣು ಮಂಜೂರಾತಲ್ಲ, ಸಾಕು."

ಹೈದರಾಬಾದು ನಿಜಾಮರ ಕೈಬಿಟ್ಟು ಭಾರತಕ್ಕೆ ಸೇರಿದ ಮರುವರ್ಷದ ಚಳಿಯಲ್ಲಿ ಅವರು ಹಾಸಿಗೆ ಹಿಡಿದರು. ನಾನು ಒಂದು ಮಧ್ಯಾಹ್ನ ಹೋಗಿ, ಅಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದನ್ನು ಹೇಳಿದೆ. ಸಮುದ್ರದ ನೀರು ಇಳಿದು ಏರುತ್ತದೆಂದು ನಾನು ಭೂಗೋಳದ ಪುಸ್ತಕವೊಂದನ್ನು ಕಟ್ಟುವಾಗ ಮೊದಲೇ ಓದಿದ್ದೆ. ಚಂದ್ರ ಎಳೆಯುತ್ತಾನೆಂದು ಅದರಲ್ಲಿ ಬರೆದಿತ್ತು.

"ಮತ್ತ ಅವತ್ತ ಯಾಕ ಹೇಳಲಿಲ್ಲಲೇ?"

"ನಂಬಿದ್ದಿಲ್ರಿ. ಚಂದ್ರ ಎಳದ್ರ ನಮ್ಮೂರ ಕೆರಿ ಯಾಕ ಏರೂದಿಲ್ಲ ಅನ್ನಿಸಿತ್ರಿ."

ಅವರು ಕೆಮ್ಮು ಬರುವ ತನಕ ನಕ್ಕರು. ಹೆಂಡತಿ ಓಡಿ ಬಂದು ಬೆನ್ನು ನೀವಿದರು. ಉಸಿರು ತಿರುಗಿದ ಮೇಲೆ ಪೇಶಕಾರರು ಹೇಳಿದರು: "ಬರದಾಂವ ಎಲ್ಲಿ ನಿಂತಿದ್ದ ಅಂತ ಕೇಳಬೇಕಿತ್ತೊ ಹುಚ್ಚಾ. ಆಂವ ಸಮುದ್ರದ ದಂಡಿಗೆ ನಿಂತು ಬರದಾನ. ನೀ ಯಲಬುರ್ಗಿ ಕೆರಿ ದಂಡಿಗೆ ನಿಂತು ಓದೀದಿ."

ಹೆಂಡತಿ ಒಳಗೆ ಹೋದ ಮೇಲೆ, "ಆ ಮೀನು ಎಷ್ಟ ಇತ್ತಲೊ?" ಎಂದರು. ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ಅವರು ತಮ್ಮ ಕೈ ಚಾಚಿ, ಮಸಿಯ ಹೆಬ್ಬೆರಳಿನಿಂದ ನನ್ನ ಬಲಗೈಯನ್ನು ನಾಲ್ಕು ಬೆರಳಿನಷ್ಟು ಒಳಕ್ಕೆ ಒತ್ತಿದರು. ಮೂರು ದಿನಕ್ಕೆ ತೀರಿಕೊಂಡರು.

ಬೆತ್ತವನ್ನು ಅವರ ಹೆಂಡತಿ ನನಗೆ ಕೊಟ್ಟರು. ಅದರ ಕಚ್ಚನ್ನು ಯಾರು ಬೇಕಾದರೂ ಬಂದು ಅಳೆದು ನೋಡಬಹುದು. ಕಚ್ಚಿನಿಂದ ಮೀನು ಸಾಬೀತಾಗುವುದಿಲ್ಲ ಎಂಬುದನ್ನು ನಾನೇ ಮೊದಲು ಒಪ್ಪುತ್ತೇನೆ. ಹಾಗೆ ಒಪ್ಪುವುದನ್ನು ಕಲಿಸಿದವರೂ ಅವರೇ. ಉಳಿದದ್ದಕ್ಕೆ ನನ್ನ ಹೇಳಿಕೆಯೊಂದೇ ಇದೆ. ನಾನು ಆಗ ಬಂಡೆಯ ಬಲಕ್ಕೆ, ಮೊಳಕಾಲಿನ ತನಕ ಬೆಚ್ಚನೆಯ ನೀರಿನಲ್ಲಿ ನಿಂತಿದ್ದೆ.