ಆಟದೂರಿನ ಪಂಚಾಯ್ತಿ

ಪಂಚನಹಳ್ಳಿಯ ಹತ್ತಿರ ಬೈಕು ಜಾರಿ ಬಿದ್ದು ನನ್ನ ಕಾಲು ಮುರಿಯದಿದ್ದರೆ ನಾನು ಆ ಆಟಕ್ಕೆ ಹೋಗುತ್ತಲೇ ಇರಲಿಲ್ಲ. ಅಜ್ಜಂಪುರದಲ್ಲಿ ನಮ್ಮದು ಬೋರ್‌ವೆಲ್ ಪೈಪು, ಮೋಟರು, ಡ್ರಿಪ್ ಸಾಮಾನಿನ ಅಂಗಡಿ. ತೋಟವೊಂದಕ್ಕೆ ವಾಲ್ವ್ ಕೊಟ್ಟು ವಾಪಸು ಬರುವಾಗ ಮಣ್ಣಿನ ತಿರುವಿನಲ್ಲಿ ಬಿದ್ದೆ. ಕಾಲಿಗೆ ರಾಡು ಹಾಕಿದರು. ಮಲಗಿದಲ್ಲೇ ದಿನಗಳು ಕಳೆಯುತ್ತಿದ್ದವು. ನೋಡಲು ಬಂದ ತಂಗಿ ತನ್ನ ಹಳೆಯ ಲ್ಯಾಪ್‌ಟಾಪನ್ನು ನನ್ನ ಹಾಸಿಗೆಯ ಮೇಲಿಟ್ಟು, "ಅಣ್ಣಾ, ಸುಮ್ನೆ ಸೂರು ನೋಡ್ಕೊಂಡು ಮಲಗೋ ಬದ್ಲು ಇದನ್ನ ನೋಡು" ಎಂದಳು.

ಅದು ಜನ ಸೇರಿ ಆಡುವ ಆಟ. ಕಂಪ್ಯೂಟರಿನೊಳಗೆ ಒಂದು ಹಳೇ ಕಾಲದ ರಾಜ್ಯ. ಬಂದವರೆಲ್ಲ ಒಂದೊಂದು ಪಾತ್ರ ಕಟ್ಟಿಕೊಂಡು ಅದರಲ್ಲೇ ಬದುಕಬೇಕು. ಯುದ್ಧ ಬೇಕಾದವರಿಗೆ ಯುದ್ಧ ಇತ್ತು. ನಾವು ಕನ್ನಡದವರು ಸೇರಿಕೊಂಡಿದ್ದ ಊರಿನಲ್ಲಿ ಯುದ್ಧ ಕಡಿಮೆ, ಮಾತು ಜಾಸ್ತಿ. ಒಂದು ಕೆರೆ, ಒಂದು ಸಂತೆ ಬೀದಿ, ಕಲ್ಲಿನ ಕಂಬಗಳ ಚಾವಡಿ. ನಾನು ಕಮ್ಮಾರನಾದೆ. ಎದ್ದು ನಿಲ್ಲಲಾರದ ನಾನು ಅಲ್ಲಿ ದಿನವಿಡೀ ಕುಲುಮೆಯ ಮುಂದೆ ನಿಂತು ಕುಡುಗೋಲು ಬಡಿಯುತ್ತಿದ್ದೆ. ಸಂಜೆ ಚಾವಡಿಯಲ್ಲಿ ಎಲ್ಲರೂ ಸೇರಿ ಮೈಕಿನಲ್ಲಿ ಹರಟುತ್ತಿದ್ದರು. ಕಾಲು ನೆಟ್ಟಗಾಗಿ ಅಂಗಡಿಗೆ ಹೋಗತೊಡಗಿದ ಮೇಲೂ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಆ ಊರಿಗೆ ಹೋಗಿ ಬರುವುದು ತಪ್ಪಲಿಲ್ಲ.

ಆಟ ನಡೆಸುವವರು ಎಲ್ಲೋ ಬೇರೆ ದೇಶದವರು. ಅವರಿಗೆ ಕನ್ನಡ ಬರುವ ಒಬ್ಬ ಮಾಡರೇಟರ್ ಬೇಕಾಗಿತ್ತು. ಆಟದಲ್ಲಿ ಜಗಳವಾದರೆ ದೂರು ಓದಬೇಕು, ಮಾತಿನ ರೆಕಾರ್ಡಿಂಗ್ ಕೇಳಬೇಕು, ತಪ್ಪು ಮಾಡಿದವರನ್ನು ಸ್ವಲ್ಪ ಕಾಲ ಹೊರಗಿಡಬೇಕು. ಸಂಬಳವಿಲ್ಲದ ಸೇವೆ. ಕೇಳಿದರು, ಒಪ್ಪಿಕೊಂಡೆ. ನನ್ನ ಹೆಂಡತಿ ವಿಷಯ ತಿಳಿದು, "ಊರಲ್ಲಿರೋ ಪಂಚಾಯ್ತಿನೇ ಸಾಲ್ದು ಅಂತ ಇಲ್ದಿರೋ ಊರಿಗೂ ಪಂಚಾಯ್ತಿ ಮಾಡ್ತೀರಾ?" ಎಂದು ನಕ್ಕಳು.

ಮೊದಮೊದಲು ಕೆಲಸ ಹಗುರವಾಗಿತ್ತು. ಒಬ್ಬ ಇನ್ನೊಬ್ಬನ ಕುರಿ ಕದ್ದ, ಯಾರೋ ಕೆಟ್ಟ ಬೈಗುಳ ಬೈದರು, ಇಂಥವೇ ದೂರುಗಳು. ನಿಯಮ ಸರಳ. ಪಾತ್ರ ಎಷ್ಟು ಬೇಕಾದರೂ ಕೆಟ್ಟದ್ದಿರಬಹುದು. ಕಳ್ಳನಾಗಬಹುದು, ಜಿಪುಣನಾಗಬಹುದು. ಆದರೆ ಪಾತ್ರದ ಹಿಂದಿರುವ ಮನುಷ್ಯನಿಗೆ ನೋವು ಮಾಡಬಾರದು.

ಆ ಊರಿಗೊಬ್ಬ ಗೌಡರಿದ್ದರು. ಆಡುತ್ತಿದ್ದವರು ತರೀಕೆರೆಯವರು, ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಐವತ್ತು ದಾಟಿದ ಮನುಷ್ಯ. ಅವರ ದನಿ ಕೇಳಿದರೆ ಎಂಥವರೂ ಮೈಕು ಮುಚ್ಚಿ ಸುಮ್ಮನಾಗುತ್ತಿದ್ದರು. ಗಾದೆ, ಒಗಟು, ಹಳೇ ನಾಟಕದ ಗತ್ತು ಎಲ್ಲ ಅವರ ಬಾಯಲ್ಲಿ ಬರುತ್ತಿದ್ದವು. ಅವರು ಚಾವಡಿಯಲ್ಲಿ ಕೂತು ಒಂದು ಕಳ್ಳತನದ ನ್ಯಾಯ ತೀರಿಸಿದರೆ, ಆಟ ಎಂಬುದು ನನಗೇ ಮರೆತುಹೋಗುತ್ತಿತ್ತು. ನಾನು ಅವರ ಅಭಿಮಾನಿಯಾಗಿದ್ದೆ ಎಂದರೆ ತಪ್ಪಾಗದು.

ಆಮೇಲೆ ಒಬ್ಬ ಹೆಣ್ಣುಮಗಳು ಬಂದಳು. ಕಡೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದವಳು. ಆಟದಲ್ಲಿ ಕುಂಬಾರ್ತಿಯಾದಳು. ಕೆರೆಯ ಹತ್ತಿರ ಗುಡಿಸಲು ಕಟ್ಟಿಕೊಂಡು, ಬಂದವರಿಗೆಲ್ಲ ಮಡಕೆ ಮಾಡಿಕೊಡುತ್ತಿದ್ದಳು. ಮಾತು ಕಡಿಮೆ, ಆಡಿದರೆ ಚುರುಕು. ನನ್ನ ಕುಲುಮೆಗೂ ಒಂದು ನೀರಿನ ಬಾನಿ ಕೊಟ್ಟಿದ್ದಳು.

ಒಂದು ದಿನ ಅವಳಿಂದ ದೂರು ಬಂತು. ಗೌಡರ ಮೇಲೆ. ಅದರಲ್ಲಿದ್ದದ್ದು ಇಷ್ಟೇ: "ಇದು ಆಟ ಅಂತ ನನಗೂ ಗೊತ್ತು ಸಾರ್. ನಿನ್ನೆ ಸಂಜೆ ಚಾವಡಿಯಲ್ಲಿ ನಡೆದದ್ದು ಆಟ ಅಲ್ಲ. ಕೇಳಿ ನೋಡಿ."

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಕೂತು ಇಯರ್‌ಫೋನ್ ಹಾಕಿಕೊಂಡು ಆ ರೆಕಾರ್ಡಿಂಗ್ ಕೇಳಿದೆ. ಚಾವಡಿಯಲ್ಲಿ ಊಟದ ಸಮಾರಂಭದ ಆಟ ನಡೆದಿತ್ತು. ಕುಂಬಾರ್ತಿ ಮಡಕೆಗಳನ್ನು ತಂದಳು. "ಬಾರವ್ವಾ ಕುಂಬಾರ್ತಿ, ಒಳಕ್ಕೆ ಬಾ, ಮಡಕೆ ಇಲ್ಲೇ ಇಳ್ಸು" ಎಂದರು ಗೌಡರು. ಎಲ್ಲರೂ ನಕ್ಕು ಹರಟಿದರು. ಮಾತಿನ ಮಧ್ಯೆ ಯಾರೋ ಮಳೆಯ ಸುದ್ದಿ ತೆಗೆದರು. ಆಗ ಅವಳು ಪಾತ್ರ ಮರೆತು ತನ್ನ ಮಾತಿನಲ್ಲೇ, "ನಮ್ ಸಿಂಗಟಗೆರೆ ಕಡೆ ಕೆರೆಗೆ ಈ ಸಲ ಚೆನ್ನಾಗ್ ನೀರ್ ಬಂದೈತೆ" ಎಂದಳು.

ಗೌಡರ ದನಿಯೂ ಬದಲಾಯಿತು. ಗತ್ತು ಹೋಗಿ, ಬಸ್ಸಿನಲ್ಲಿ ಪಕ್ಕ ಕೂತವರ ದನಿಯಾಯಿತು. "ಓ, ಸಿಂಗಟಗೆರೆ ಕಡೆಯೋರಾ? ಅಲ್ಲಿ ನಮ್ಗೆ ಬೇಕಾದೋರು ಬಾಳ ಜನ ಅವ್ರೆ. ಯಾವ ಕೇರಿ?"

ಅವಳ ಕಡೆಯಿಂದ ಮಡಕೆ ಸರಿಸುವ ಸದ್ದಷ್ಟೇ ಬಂತು.

"ಅಲ್ಲಮ್ಮಾ, ಯಾರ ಪೈಕಿ ಅಂತ ಕೇಳ್ದೆ. ಊರೊಳಗೇನಾ?"

"ಇಲ್ಲ ಸಾರ್. ಊರಾಚೆ ಕೇರಿ."

"ಓಹೋ. ಸರಿ, ಸರಿ."

ಆಮೇಲೆ ಗೌಡರು ಮತ್ತೆ ಪಾತ್ರದ ದನಿಗೆ ಬಂದರು. "ಏ ಕುಂಬಾರ್ತಿ, ಮಡಕೆನೆಲ್ಲ ಎತ್ಕೊಂಡು ಚಾವಡಿ ಹೊರಗಡೆ ಇಡವ್ವಾ. ಅಲ್ಲಿಂದ್ಲೇ ಹುಡುಗ್ರು ತಗೋತಾರೆ." ಒಬ್ಬ ಕಿಸಕ್ಕನೆ ನಕ್ಕ. ಇನ್ನಿಬ್ಬರು ಸೇರಿಕೊಂಡರು. ಅವಳು ಮಡಕೆ ಎತ್ತಿಕೊಂಡು ಹೊರಗೆ ಹೋಗುವ ಸದ್ದು ಕೇಳಿಸಿತು. ಆ ಸದ್ದನ್ನು ಆಟವೇ ಮಾಡುತ್ತದೆ, ಯಾರು ನಡೆದರೂ ಅದೇ ಸದ್ದು. ಆದರೂ ನನಗೆ ಅದನ್ನು ಕೇಳಲಾಗಲಿಲ್ಲ. ಇಯರ್‌ಫೋನ್ ತೆಗೆದಿಟ್ಟೆ. ಮೋಟರ್ ರಿಪೇರಿಗೆ ತಂದಿದ್ದ ರೈತನೊಬ್ಬ ಎದುರಿಗೆ ನಿಂತು ಆಗಲೇ ನನ್ನನ್ನು ಕೂಗುತ್ತಿದ್ದನಂತೆ.

ಗೌಡರು ಊರಿನ ಹಿರಿಯ ಆಟಗಾರರಾದ್ದರಿಂದ ತೀರ್ಮಾನಕ್ಕೆ ಮೇಲಿನವರ ಒಪ್ಪಿಗೆ ಬೇಕಿತ್ತು. ಮಾತುಗಳನ್ನೆಲ್ಲ ಇಂಗ್ಲಿಷಿಗೆ ಮಾಡಿ ಕಳಿಸಿದೆ. ಉತ್ತರ ಬೇಗ ಬಂತು. ಇದರಲ್ಲಿ ಬೈಗುಳವೇ ಇಲ್ಲವಲ್ಲ, ಯಾವ ಬೀದಿ ಎಂದು ಕೇಳಿದ್ದಾರೆ, ಪಾತ್ರೆಗಳನ್ನು ಹೊರಗಿಡಲು ಹೇಳಿದ್ದಾರೆ, ಅಷ್ಟೇ ತಾನೆ ಎಂದರು. ಓದಿ ನೋಡಿದರೆ ಅವರ ಮಾತು ಸರಿಯೇ. ಇಂಗ್ಲಿಷಿನಲ್ಲಿ ಅಲ್ಲಿ ಏನೂ ಇರಲಿಲ್ಲ.

ಅದು ಏನು ಎಂಬುದನ್ನು ಬರೆದು ತಿಳಿಸಲು ಕೂತಾಗ ನನಗೆ ನಮ್ಮ ಮನೆಯ ಜಗಲಿ ನೆನಪಾಯಿತು. ಅಮ್ಮ ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡಿದವಳಲ್ಲ. ಮಠದಿಂದ ಸ್ವಾಮಿಗಳು ಬಂದರೂ, ಕೂಲಿಯವರು ಬಂದರೂ ಬಾಯಾರಿಕೆ ಕೇಳದೆ ಕಳಿಸುತ್ತಿರಲಿಲ್ಲ. ಆದರೆ ಗುರುತಿಲ್ಲದವರು ಬಂದರೆ ಮೊದಲು ಮೆತ್ತಗೆ, "ಯಾವೂರಪ್ಪಾ? ಯಾವ ಕೇರಿ?" ಎನ್ನುತ್ತಿದ್ದಳು. ಉತ್ತರ ಕೇಳಿಸಿಕೊಂಡೇ ಒಳಗೆ ಹೋಗುತ್ತಿದ್ದಳು. ಬರುವಾಗ ಅವಳ ಕೈಯಲ್ಲಿ ಯಾವ ಲೋಟ ಇರುತ್ತದೆ ಎಂಬುದು ಆ ಉತ್ತರದಲ್ಲಿ ತೀರ್ಮಾನವಾಗಿರುತ್ತಿತ್ತು. ಬೈಗುಳವೇ ಬೇಕಾಗಿರಲಿಲ್ಲ.

ಇದನ್ನೇ ಬರೆದೆ. ನನ್ನ ಇಂಗ್ಲಿಷು ಪೈಪಿನ ಅಳತೆ, ಮೋಟರಿನ ಶಕ್ತಿಗೆ ಸಾಕಾಗುವಷ್ಟು. ಜಗಲಿಯನ್ನೂ ಲೋಟವನ್ನೂ ಅದರಲ್ಲಿ ಹಿಡಿಸುವುದು ಕಷ್ಟವಾಯಿತು. ಆದರೂ ಆ ಕಡೆಯವರಿಗೆ ಅರ್ಥವಾಗಿರಬೇಕು. ನಿಮಗೆ ಸರಿಕಂಡದ್ದು ಮಾಡಿ ಎಂದರು. ಗೌಡರನ್ನು ಕೆಲವು ತಿಂಗಳ ಮಟ್ಟಿಗೆ ಆಟದಿಂದ ಹೊರಗಿಟ್ಟೆ. ಅವರಿಗೆ ಮಾತ್ರ ಕಾರಣ ಬರೆದೆ. ಊರಿಗೆ ಏನೂ ಹೇಳಲಿಲ್ಲ. ಕೆಲಸ ಮುಗಿಯಿತು ಎಂದುಕೊಂಡೆ.

ಮಾರನೆಯ ದಿನ ಚಾವಡಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ, ಗೌಡ್ರೆಲ್ಲಿ? ನಾನು ಕಮ್ಮಾರನಾಗಿ ಕಬ್ಬಿಣ ಬಡಿಯುತ್ತಾ ಸುಮ್ಮನಿದ್ದೆ. ಆಗ ಆ ಹುಡುಗಿ ನನ್ನೊಬ್ಬನಿಗೇ ಕೇಳಿಸುವಂತೆ ಮೈಕಿನಲ್ಲಿ ಬಂದಳು.

"ಸಾರ್, ಅವ್ರನ್ನ ತೆಗ್ದಾಕಿ ಅಂತ ನಾನ್ ಕೇಳಿದ್ನಾ?"

"ಇಲ್ಲಮ್ಮ. ತಪ್ಪಿಗೆ ಶಿಕ್ಷೆ ಆಗ್ಬೇಕಲ್ಲ."

"ಶಿಕ್ಷೆ ಆಯ್ತು ಅಂತ ಯಾರಿಗ್ ಗೊತ್ತು? ನಕ್ಕೋರು ಇಲ್ಲೇ ಕೂತವ್ರೆ. ಅವ್ರಿಗೆ ನಾನೇ ಏನೋ ಕಿತಾಪತಿ ಮಾಡಿ ಗೌಡ್ರನ್ನ ಓಡ್ಸಿದೆ ಅನ್ಸುತ್ತೆ ಅಷ್ಟೆ. ನಮ್ಮೂರಲ್ಲೂ ಹಿಂಗೇ ಸಾರ್. ಏನಾದ್ರೂ ಆದ್ರೆ ದೊಡ್ಡೋರು ಸದ್ದಿಲ್ದಂಗೆ ಮುಗಿಸ್ಬಿಡ್ತಾರೆ. ಬಾಯಿ ಬಿಟ್ಟು ತಪ್ಪು ಅಂತ ಒಬ್ರೂ ಅನ್ನಲ್ಲ."

ನಾನು ಸುತ್ತಿಗೆ ಕೆಳಗಿಟ್ಟೆ.

"ಅವ್ರು ಇರ್ಲಿ ಬೇಕಾದ್ರೆ" ಎಂದಳು. "ಹಂಗ್ ಕೇಳಿದ್ದು ತಪ್ಪು ಅಂತ ಎಲ್ಲಾರ್ ಮುಂದೆ ಹೇಳಿ. ನನಗ್ ಅಷ್ಟೇ ಬೇಕಾಗಿರೋದು."

ಅವಳ ದನಿಯಲ್ಲಿ ಅಳು ಇರಲಿಲ್ಲ. ರಕ್ತ ತೆಗೆಯುವ ಮೊದಲು ಮುಷ್ಟಿ ಬಿಗಿ ಹಿಡಿಯಿರಿ ಎಂದು ಹೇಳುವಾಗಲೂ ಹೀಗೇ ಹೇಳುತ್ತಾಳೇನೋ ಅನ್ನಿಸಿತು.

ಅವಳ ಒಪ್ಪಿಗೆ ಪಡೆದು, ಅವಳ ಊರಿನ ಗುರುತು ಮತ್ತೆ ಬಾರದ ಹಾಗೆ, ಚಾವಡಿಯ ಪ್ರಕಟಣೆಯ ಕಂಬದ ಮೇಲೆ ಬರೆದೆ. ಗೌಡರ ಪಾತ್ರ ಆಡುವವರು ಪಾತ್ರ ಬಿಟ್ಟು ಒಬ್ಬರ ಕೇರಿ ಕೇಳಿದರು, ಕೇಳಿದ ಮೇಲೆ ಅವರನ್ನು ಹೊರಗೆ ನಿಲ್ಲಿಸಿದರು, ಇದು ತಪ್ಪು, ನಕ್ಕವರದೂ ತಪ್ಪು ಎಂದು. ಕೆಳಗೆ ನನ್ನ ಪಾತ್ರದ ಹೆಸರು ಹಾಕಿದೆ. ಬರೆದದ್ದು ನಾಲ್ಕೇ ಸಾಲಾದರೂ ಗುಂಡಿ ಒತ್ತುವಾಗ ಬೆರಳು ತಡೆಯಿತು. ಆ ಊರಿನಲ್ಲಿ ನನ್ನ ಗೆಳೆಯರಿದ್ದರು.

ಅವತ್ತಿನಿಂದ ಊರು ಒಡೆಯಿತು. ಆಟದಲ್ಲೂ ಜಾತಿ ತಂದವನು ನಾನೇ ಎಂದರು. ಗೌಡರು ಮಾಮೂಲಿಯಾಗಿ ಕೇಳಿದ್ದಕ್ಕೆ ಇಷ್ಟು ದೊಡ್ಡದು ಮಾಡಬೇಕಿತ್ತಾ ಎಂದರು. ನಕ್ಕಿದ್ದವರಲ್ಲಿ ಒಬ್ಬ ಮಾತ್ರ ಅವಳಿಗೆ ಕ್ಷಮೆ ಕೇಳಿದ. ಉಳಿದವರು ಬೇರೆ ಕಡೆ ಹೊಸ ಊರು ಕಟ್ಟಿಕೊಂಡು ಹೊರಟರು, ಅವರ ಹಿಂದೆ ಸುಮಾರು ಜನ ಹೋದರು. ಸಂತೆ ಬೀದಿಯಲ್ಲಿ ಬಾಗಿಲು ಮುಚ್ಚಿದ ಮನೆಗಳು ಕಾಣತೊಡಗಿದವು.

ಅದೇ ವಾರ ತರೀಕೆರೆಯಿಂದ ಗೌಡರೇ ಅಂಗಡಿಗೆ ಬಂದರು. ಅಜ್ಜಂಪುರದಲ್ಲಿ ಪೈಪಿನಂಗಡಿ ಎಂದು ನಾನು ಹಿಂದೆ ಹೇಳಿದ್ದೆ, ಹುಡುಕುವುದು ಕಷ್ಟವಾಗಿರಲಿಕ್ಕಿಲ್ಲ. ಮುಖ ಗೊತ್ತಿರಲಿಲ್ಲ. ಕುಳ್ಳಗಿನ, ತೆಳ್ಳಗಿನ ಮನುಷ್ಯ, ಕಿವಿಯ ಹಿಂದೆ ಹಿಟ್ಟಿನ ಬಿಳಿ. "ನಮಸ್ಕಾರ ಕಮ್ಮಾರ್ರೆ" ಎಂದಾಗ ದನಿ ಗೊತ್ತಾಯಿತು. ಕುರ್ಚಿ ಕೊಟ್ಟು, ಎದುರಿನ ಹೋಟೆಲಿನಿಂದ ಟೀ ತರಿಸಿದೆ.

"ನಾನೇನ್ ಬೈದ್ನಾ ಸ್ವಾಮಿ?" ಎಂದರು. "ಯಾವ ಕೇರಿ ಅಂದೆ. ನಮ್ ಕಡೆ ಯಾರು ಕೇಳಲ್ಲ ಹೇಳಿ? ಮಾತಿಗ್ ಮಾತು ಅಷ್ಟೆ."

"ನಾನು ಸೇರಿದ ದಿನ ನನ್ನೂ ಊರು ಕೇಳಿದ್ರಿ" ಎಂದೆ. "ಅಜ್ಜಂಪುರ ಅಂದೆ. ಕೇರಿ ಕೇಳ್ಲಿಲ್ಲ."

"ನಿಮ್ಮನ್ಯಾಕ್ ಕೇಳ್ಬೇಕು? ಅಂಗಡಿ ಹೆಸ್ರು ಹೇಳಿದ್ರಲ್ಲ, ಮಠದ ಗುರುಗಳ ಹೆಸ್ರು. ಅದ್ರಲ್ಲೇ ಗೊತ್ತಾಯ್ತು..."

ಅವರು ಅಲ್ಲಿಗೆ ನಿಲ್ಲಿಸಿದರು. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಾ ಕೂತರು. ಆಮೇಲೆ, ಬೇರೇನೋ ಮಾತಾಡುವವರ ಹಾಗೆ, "ಗಿರಣಿ ಸದ್ದಲ್ಲಿ ನನ್ ಮಾತು ನನಗೇ ಕೇಳ್ಸಲ್ಲ ಕಣ್ರೀ. ವಯಸ್ನಲ್ಲಿ ನಾಟ್ಕ ಕಟ್ತಿದ್ದೆ, ಅದೂ ನಿಂತೋಯ್ತು. ಅಲ್ಲೊಂದ್ ಕಡೆ ಜನ ಕೂತು ಕೇಳ್ತಿದ್ರು" ಎಂದರು.

"ನಾನೂ ಕೇಳ್ತಿದ್ದೆ" ಎಂದೆ. "ನಿಮ್ಮ ಅವಧಿ ಮುಗಿದ ಮೇಲೆ ಬನ್ನಿ. ಆ ಹುಡುಗಿ ಹತ್ರ ಒಂದು ಮಾತಾಡಿ."

"ನೋಡಾಣ" ಎಂದರು. ಎದ್ದು ಬಾಗಿಲ ತನಕ ಹೋಗಿ ತಿರುಗಿ, "ಆ ಮಗು ಕೆಲ್ಸ ಎಲ್ಲಿ?" ಎಂದರು. ನಾನು ಹೇಳಲಿಲ್ಲ. ಅದು ಮಾಡರೇಟರ್ ಹೇಳುವ ವಿಷಯವಲ್ಲ. ಅವರಿಗೆ ಅದು ಅರ್ಥವಾಗಿ, ಮುಖ ಸಣ್ಣದಾಯಿತು. ಅವರು ಕೆಟ್ಟ ಉದ್ದೇಶದಿಂದ ಕೇಳಿರಲಿಲ್ಲ ಎಂದೇ ಈಗಲೂ ನಂಬಿದ್ದೇನೆ. ಆದರೂ ಹೇಳಲಿಲ್ಲ.

ಅವಧಿ ಮುಗಿದರೂ ಅವರು ಬರಲಿಲ್ಲ. ಬಿಟ್ಟುಹೋದವರು ಕಟ್ಟಿದ ಹೊಸ ಊರಿಗೂ ಅವರು ಹೋಗಲಿಲ್ಲವೆಂದು ತಿಳಿಯಿತು. ನಮ್ಮ ಊರಿನಲ್ಲಿ ಉಳಿದವರು ಕೆಲವರೇ. ಹಾಗಿದ್ದೂ ಹೊಸಬರು ಒಬ್ಬೊಬ್ಬರಾಗಿ ಬಂದರು. ಕೆಲಸ ಹೆಚ್ಚಾದಾಗ ಆ ಹುಡುಗಿಯನ್ನೂ ಮಾಡರೇಟರ್ ಮಾಡೋಣವೆಂದು ಮೇಲಿನವರಿಗೆ ಬರೆದೆ. ಅವಳು ಮೊದಲು ಒಪ್ಪಲಿಲ್ಲ. "ದಿನಾ ಎಲ್ಲಾರ್ ಕೊಳೆ ಕೇಳ್ಸ್ಕೊಂಡು ಕೂರ್ಬೇಕಾ ಸಾರ್?" ಎಂದಳು. ಆಮೇಲೆ ಒಪ್ಪಿದಳು. ನನಗಿಂತ ಅವಳ ತೀರ್ಮಾನಗಳು ಚಿಕ್ಕವು, ಸ್ಪಷ್ಟ. ಯಾವುದನ್ನೂ ಮುಚ್ಚಿ ಮಾಡುವುದಿಲ್ಲ. ಇಷ್ಟು ಕಾಲ ಜೊತೆಗೆ ಕೆಲಸ ಮಾಡಿದರೂ ನಾನು ಅವಳ ಮುಖ ನೋಡಿಲ್ಲ. ಕಡೂರಿಗೆ ಎಷ್ಟೋ ಸಲ ಹೋಗಿದ್ದೇನೆ, ಲ್ಯಾಬನ್ನು ಹುಡುಕಲಿಲ್ಲ.

ಕಳೆದ ಬೇಸಿಗೆಯಲ್ಲಿ ಬೀರೂರಿನ ಬಸ್ ನಿಲ್ದಾಣದಲ್ಲಿ ತರೀಕೆರೆಯ ಗಿರಣಿಯವರು ಸಿಕ್ಕರು. ಮದುವೆ ಮುಗಿಸಿಕೊಂಡು ಊರಿಗೆ ಹೊರಟಿದ್ದರು, ಬಿಳಿ ಪಂಚೆ ಉಟ್ಟಿದ್ದರು. ನನ್ನ ಕಾಲಿನ ಸುದ್ದಿ, ಅವರ ಗಿರಣಿಯ ಸುದ್ದಿ ಮಾತಾಡಿದೆವು. ಬಸ್ಸಿಗೆ ಇನ್ನೂ ಹೊತ್ತಿತ್ತು.

"ಊರು ನಡೀತೈತಾ?" ಎಂದು ಕೇಳಿದರು.

"ನಡೀತಿದೆ."

"ಗೌಡ್ರು ಯಾರೀಗ?"

"ಯಾರೂ ಇಲ್ಲ. ಆ ಪಾತ್ರ ಯಾರೂ ತಗೊಂಡಿಲ್ಲ."

ಅವರು ತಲೆಯಾಡಿಸಿದರು. ಪಕ್ಕದಲ್ಲಿ ಚೀಲ ಇಟ್ಟುಕೊಂಡು ನಿಂತಿದ್ದ ಅಪರಿಚಿತ ಹೆಂಗಸೊಬ್ಬಳು ತರೀಕೆರೆ ಬಸ್ಸು ಎಷ್ಟು ಹೊತ್ತಿಗೆ ಎಂದು ಅವರನ್ನು ಕೇಳಿದಳು. "ಇನ್ನೇನ್ ಬತ್ತದೆ ಕಣಮ್ಮಾ, ನಾನೂ ಅದಕ್ಕೇ ಕಾಯ್ತಿರೋದು" ಎಂದರು. ಆಮೇಲೆ ರೂಢಿಯಂತೆ, "ಯಾವೂರಾಯ್ತು?" ಎಂದರು. ಅವಳು ಹಳ್ಳಿಯ ಹೆಸರು ಹೇಳಿದಳು. ನಾನು ಅವರ ಮುಖ ನೋಡುತ್ತಿದ್ದೆ. ತುಟಿ ಇನ್ನೊಂದು ಮಾತಿಗೆ ತೆರೆಯಿತು, ಅಲ್ಲೇ ನಿಂತಿತು. ಅವರು ನನ್ನ ಕಡೆ ತಿರುಗಲಿಲ್ಲ. ರಸ್ತೆಯ ಕಡೆ ನೋಡುತ್ತಾ, "ಬಿಸ್ಲು ಜಾಸ್ತಿ ಈ ಸಲ" ಎಂದರು. ಅವಳು ಹೌದು ಎಂದಳು. ಬಸ್ಸು ಬಂತು, ಇಬ್ಬರೂ ಹತ್ತಿ ಹೋದರು.