ವಂದನಾರ್ಪಣೆಯಲ್ಲಿ ಹುಟ್ಟಿದ ನಿಯಮ

"ಮೀನು ಮೊಟ್ಟೆ ಇಡುವ ಎರಡು ತಿಂಗಳು ಹೊಳೆಗೆ ಬಲೆ ಹಾಕಬಾರದೆಂದು ಇವತ್ತೇ ನಿಯಮ ಮಾಡಿದ ಸಾಹೇಬರಿಗೆ ಧನ್ಯವಾದ!" ಎಂದು ಆ ಹುಡುಗಿ ಮೈಕಿನಲ್ಲಿ ಹೇಳಿದಾಗ ಮೀನುಗಾರಿಕೆ ಇಲಾಖೆಯ ಸಾಹೇಬರ ಬಾಯಿಗೆ ಹೋಗುತ್ತಿದ್ದ ಗೋಳಿಬಜೆ ಅರ್ಧದಲ್ಲೇ ನಿಂತಿತು. ಅವರು ಅಂಥ ನಿಯಮವನ್ನೇ ಮಾಡಿರಲಿಲ್ಲ.

ಅವಳು ಮೀನಿನ ಸಂಶೋಧನೆಗೆ ಬಂದವಳು. ನನ್ನ ಜೀಪಿನಲ್ಲೇ ಚಾರ್ಮಾಡಿಯ ಹೊಳೆಯೆಲ್ಲ ಸುತ್ತಿದ್ದಳು. ಹೊಳೆಮೀನು ಉಳಿಸುವ ಬಗ್ಗೆ ಬೆಳ್ತಂಗಡಿಯಲ್ಲಿ ಕರೆದ ಆ ಸಭೆಯಲ್ಲಿ ಮಾತೆಲ್ಲ ದೊಡ್ಡವರದ್ದೇ. ಸಣ್ಣವಳೆಂದು ಅವಳಿಗೆ ಬರೀ ವಂದನಾರ್ಪಣೆ ಕೊಟ್ಟಿದ್ದರು.

ನನಗೆ ಧರ್ಮಸ್ಥಳಕ್ಕೆ ಬಾಡಿಗೆ ಇತ್ತು. ಸಭೆ ಬೇಗ ಮುಗಿಯಲಿ ಎಂದು ಚಪ್ಪಾಳೆ ತಟ್ಟಿದೆ. ಎಲ್ಲರೂ ತಟ್ಟಿದರು. ಸಾಹೇಬರು ಎದ್ದು ಕೈಮುಗಿದು, "ಇನ್ನು ಇಲ್ಲ ಹೇಳ್ಲಿಕ್ಕೆ ಆಗ್ತದಾ ಮಾರಾಯ್ರೆ? ಬರ್ಕೊಳ್ಳಿ" ಎಂದು ಗುಮಾಸ್ತರಿಗೆ ಹೇಳಿದರು.

ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಹೊಳೆಮೀನಿನ ಸಾರಿಲ್ಲ. ಅಮ್ಮ ಈಗಲೂ ಆ ಹುಡುಗಿಗೆ ಬೈಯುತ್ತಾರೆ, ಮೊದಲ ಚಪ್ಪಾಳೆ ನನ್ನದೆಂದು ಅವರಿಗೆ ಗೊತ್ತಿಲ್ಲ. ಇಷ್ಟೇ, ಬೇರೆ ಹೇಳಲಿಕ್ಕೆ ಏನೂ ಇಲ್ಲ.