ಪರದೆಯ ಆಚೆ ಕೂತ ಅಣ್ಣ

ಆಕ್ಲೆಂಡಿನ ದಕ್ಷಿಣಕ್ಕೆ, ಮಾಂಗೆರೆಯಲ್ಲಿ ಬಸ್ಸು ಹತ್ತುವವರಿಗೆಲ್ಲ ಮೆಲಿಯಾಮೆ ಗೊತ್ತು. ಕಿವಿಯ ಮೇಲೊಂದು ಹೂವು ಸಿಕ್ಕಿಸಿಕೊಂಡು ಬಸ್ಸು ಓಡಿಸುವ ಟೋಂಗಾದ ಹೆಂಗಸು. ಬಾಯಿ ಮಾತ್ರ ಬಲು ಜೋರು. "ಏಯ್ ರಾಜಕುಮಾರ, ಸೀಟಿನ ಮೇಲಿಂದ ಕಾಲು ತೆಗಿ, ಅದೇನು ನಿಮ್ಮಜ್ಜಿ ಮಂಚಾನಾ?" ಎಂದು ತಲೆಯ ಮೇಲಿನ ಕನ್ನಡಿಯಲ್ಲಿ ನೋಡುತ್ತಲೇ ಗದರುವಳು. ಬೈಸಿಕೊಂಡವರೂ ನಗುತ್ತಲೇ ಇಳಿಯುವರು.

ಅವಳು ಗದರದ ಪ್ರಯಾಣಿಕ ಒಬ್ಬನೇ. ಮಾಂಸದ ಕಾರ್ಖಾನೆಗೆ ಹೋಗಲು ಬೆಳಗಿನ ಮೊದಲ ಬಸ್ಸು ಹತ್ತುವ ಹೌಸಿಯ. ಕಾರ್ಡು ತಾಗಿಸಿ, ನೆಲ ನೋಡುತ್ತ, ನೇರ ಕೊನೆಯ ಸೀಟಿಗೆ ಹೋಗಿ ಕೂರುವನು. ಅವನು ಅವಳ ಒಡಹುಟ್ಟಿದ ಅಣ್ಣ. ಇಬ್ಬರಿಗೂ ಮನಸ್ತಾಪ ಎಂದುಕೊಂಡೀರಿ, ಛೆ, ಅಲ್ಲವೇ ಅಲ್ಲ. ಟೋಂಗಾದವರಲ್ಲಿ ಅಣ್ಣ ತಂಗಿಗೆ ಕೊಡುವ ಮರ್ಯಾದೆಯೇ ಅದು. ಪ್ರಾಯಕ್ಕೆ ಬಂದ ಮೇಲೆ ಒಬ್ಬರೆದುರು ಒಬ್ಬರು ಪೋಲಿ ಮಾತಾಡುವ ಹಾಗಿಲ್ಲ, ಪಕ್ಕದಲ್ಲಿ ಕೂತು ಹರಟುವ ಹಾಗಿಲ್ಲ, ಒಂದೇ ಕೋಣೆಯಲ್ಲಿ ಸಿನಿಮಾ ನೋಡುವ ಹಾಗಂತೂ ಇಲ್ಲವೇ ಇಲ್ಲ. ತೆರೆಯ ಮೇಲೆ ಯಾವಾಗ ಏನು ಬಂದೀತೋ ಯಾರಿಗೆ ಗೊತ್ತು?

ವವಾಉ ದ್ವೀಪದ ಅವರ ಹಳ್ಳಿಯಲ್ಲಿ, ಚರ್ಚಿನ ಹಜಾರದಲ್ಲಿ ಆಗೀಗ ವಿಡಿಯೊ ಹಾಕುತ್ತಿದ್ದರು. ಹೌಸಿಯನಿಗೆ ಸಿನಿಮಾ ಅಂದರೆ ಪ್ರಾಣ. ಎಲ್ಲರಿಗಿಂತ ಮುಂಚೆ ಹೋಗಿ ಮುಂದೆ ಕೂರುತ್ತಿದ್ದ. ಮೆಲಿಯಾಮೆ ಬಾಗಿಲಲ್ಲಿ ಕಂಡಳೋ, ಎಂಥ ರೋಚಕ ಘಟ್ಟವಿದ್ದರೂ ಸರಿ, ಎದ್ದು ಹೊರಗೆ ಹೋಗಿಬಿಡುತ್ತಿದ್ದ. "ನೀನು ಹೋಗು" ಎಂದು ಒಂದು ಸಲವೂ ಅಂದವನಲ್ಲ. ಎಷ್ಟು ಸಿನಿಮಾಗಳ ಕೊನೆ ಅವನಿಗೆ ಇವತ್ತಿಗೂ ಗೊತ್ತಿಲ್ಲವೋ! ಅವಳ ನೆನಪಿನ ಅಣ್ಣ ಎಂದರೆ ಬಾಗಿಲು ದಾಟುವ ಒಂದು ಅಗಲ ಬೆನ್ನು.

ಆ ಬೆನ್ನೇ ಅವಳ ಸಿನಿಮಾ ಆಯಿತು.

ಮೇ ತಿಂಗಳ ಮಕ್ಕಳ ಭಾನುವಾರಗಳಲ್ಲಿ ಚರ್ಚಿನಲ್ಲಿ ವಿಡಿಯೊ ತೆಗೆಯುತ್ತಿದ್ದವಳು ಅವಳೇ. ಅದನ್ನು ಕಂಡ ಯಾರೋ, ಸಿನಿಮಾ ಕಲಿಯಲು ಅವಕಾಶವೇ ಸಿಗದವರಿಗೆಂದು ನಡೆಸುವ ಒಂದು ವಸತಿ ಶಿಬಿರಕ್ಕೆ ಅವಳ ಹೆಸರು ಕೊಟ್ಟರು. ಹಳೆಯ ಶಾಲೆಯೊಂದರಲ್ಲಿ ಉಂಡು ಮಲಗಿ, ಒಬ್ಬೊಬ್ಬರೂ ಒಂದು ಕಿರುಚಿತ್ರ ಮಾಡಬೇಕು. ಸುಡಾನಿನಿಂದ ಬಂದವರಿದ್ದರು, ಕಿವಿ ಕೇಳದವರಿದ್ದರು, ಫಿಜಿಯಿಂದ ಬಂದ ಕಮಲೇಶ ಎಂಬ ಟ್ಯಾಕ್ಸಿ ಡ್ರೈವರನಿದ್ದ. ನಡೆಸುತ್ತಿದ್ದವಳು ಮಿರಿಯಾಮ, ಮಾವೊರಿ ಹೆಂಗಸು. ಬಸ್ಸಿಗೆ ರಜೆ ಹಾಕಿ ಬಂದ ಮೆಲಿಯಾಮೆ ಮೊದಲ ದಿನ ಕತ್ತಲ ಕೋಣೆಯಲ್ಲಿ ತಾನು ಮನೆಯಲ್ಲಿ ತೆಗೆದು ತಂದಿದ್ದ ಚಿತ್ರವನ್ನು ಗೋಡೆ ತುಂಬ ಕಂಡು ಬಾಯಿ ಬಿಟ್ಟುಕೊಂಡು ನಿಂತಳು. ತೋಟದಲ್ಲಿ ಗೆಣಸು ಅಗೆಯುವ ಅಣ್ಣನ ಬೆನ್ನು ಅಲ್ಲಿ ಬೆಟ್ಟದಷ್ಟಿತ್ತು. ಅಂಗಿಯ ಬೆವರಿನ ಕಲೆ ಕೂಡ ಏನೋ ದೊಡ್ಡ ವಿಷಯದ ಹಾಗೆ ಕಾಣುತ್ತಿತ್ತು.

"ಅಕ್ಕಾ, ಹೀರೋ ಮುಖಾನೇ ತೋರಿಸ್ದೆ ಇದ್ರೆ ಯಾರ್ ನೋಡ್ತಾರೆ?" ಎಂದ ಕಮಲೇಶ, ಸಂಕಲನಕ್ಕೆ ಪಕ್ಕದಲ್ಲಿ ಕೂತು.

"ಬೆನ್ನು ನೋಡೋರು ನೋಡ್ತಾರೆ. ನಿನ್ ಕೆಲಸ ನೋಡು ನೀನು."

ಕೊನೆಗೊಂದು ಮುಖವಿತ್ತು. ಡಿಪೊದವರ ಒಪ್ಪಿಗೆ ಪಡೆದು ಒಂದು ಬೆಳಿಗ್ಗೆ ಅವಳು ತನ್ನ ಬಸ್ಸನ್ನೇ ಓಡಿಸಿದಳು. ಕಮಲೇಶ ಕ್ಯಾಮೆರಾವನ್ನು ಕನ್ನಡಿಯತ್ತ ತಿರುಗಿಸಿ ಬಿಗಿದಿದ್ದ. ಕೊನೆಯ ಸೀಟಿನಲ್ಲಿದ್ದ ಹೌಸಿಯ ತಲೆಯೆತ್ತಿ, ನೇರ ಕನ್ನಡಿಯೊಳಕ್ಕೆ ನೋಡಿ, ಎರಡೂ ಹುಬ್ಬು ಮೇಲೆತ್ತಿದ. ಟೋಂಗಾದವರು ಹೂಂ ಅನ್ನುವುದು ಹಾಗೆ. ಯಾವುದಕ್ಕೆ ಹೂಂ ಅಂದನೋ, ಅವಳಿಗೆ ತಿಳಿಯಲಿಲ್ಲ.

ಅಣ್ಣ ಈ ಸಿನಿಮಾ ನೋಡಬೇಕು, ಕೊನೆಯವರೆಗೂ ನೋಡಬೇಕು. ಅವಳಿಗಿದ್ದ ಆಸೆ ಅದೊಂದೇ. ಅದಕ್ಕೆ ವೇಳೆಯೂ ಇರಲಿಲ್ಲ. ಹೌಸಿಯನ ಸಕ್ಕರೆ ಕಾಯಿಲೆ ಕಣ್ಣಿಗಿಳಿದು ಒಂದು ಕಣ್ಣು ಹೋಗಿತ್ತು, ಇನ್ನೊಂದು ಮಬ್ಬಾಗುತ್ತಿತ್ತು. ಇನ್ನೆಷ್ಟು ದಿನವೋ ಹೇಳಲಾರೆ ಎಂದಿದ್ದರು ಡಾಕ್ಟರು. ಫೋನಿನಲ್ಲಿ ತೋರಿಸೋಣವೆಂದರೆ ಅಷ್ಟು ಸಣ್ಣದು ಅವನಿಗೆ ಕಾಣುವುದಿಲ್ಲ. ದೊಡ್ಡ ತೆರೆ ಇದ್ದದ್ದು ಶಿಬಿರದ ಕೊನೆಯ ಸಂಜೆಗೆ ಮಾತ್ರ. ಬಾಡಿಗೆಗೆ ತಂದ ಪ್ರೊಜೆಕ್ಟರು ಮರುದಿನ ವಾಪಸ್ಸು ಹೋಗುತ್ತಿತ್ತು.

"ಅದರಲ್ಲೇನು? ಅವನು ಬರಲಿ, ನಾನು ಹೊರಗಿರ್ತೀನಿ" ಎಂದಳು ಮೆಲಿಯಾಮೆ.

ಮಿರಿಯಾಮಳಿಗೆ ಕಟ್ಟಳೆ ಅರ್ಥವಾಗದ್ದೇನಲ್ಲ, ಆದರೂ ಮನಸ್ಸೊಪ್ಪಲಿಲ್ಲ. "ಜನ ನಿನ್ನ ಸಿನಿಮಾಗೆ ನಗೋದು, ಅಳೋದು ನೀನು ಕೇಳ್ಬೇಡ್ವೇನೇ? ಮೊದಲ್ನೇ ಸಲ ಕಣೇ. ಮತ್ತೆ ಬರಲ್ಲ ಅದು."

"ಅವನು ಎಷ್ಟು ಸಲ ಎದ್ದು ಹೋಗಿಲ್ಲ ನನಗೋಸ್ಕರ? ಒಂದು ಸಲ ನನ್ನ ಸರದಿ. ಬಿಡು."

ಆ ಸಂಜೆ ಶಾಲೆಯ ಹಜಾರ ಕಿಕ್ಕಿರಿಯಿತು. ಟೋಂಗಾದವರು ಸೊಂಟಕ್ಕೆ ಹಬ್ಬದ ಚಾಪೆ ಸುತ್ತಿಕೊಂಡು, ಕೆಸುವಿನೆಲೆಯಲ್ಲಿ ಮಾಂಸ ಕಟ್ಟಿ ಬೇಯಿಸಿದ ತಟ್ಟೆಗಳನ್ನು ಹೊತ್ತು ಬಂದರು. ಮೆಲಿಯಾಮೆ ಅಣ್ಣನನ್ನು ಕರೆತಂದ ನೆಂಟರ ವ್ಯಾನು ಗೇಟಿನೊಳಗೆ ಬಂದದ್ದನ್ನು ನೋಡಿದವಳೇ ಹಿಂಬಾಗಿಲಿನಿಂದ ಜಾರಿ, ರಸ್ತೆಯಾಚೆಯ ಬಸ್ ತಂಗುದಾಣದಲ್ಲಿ ಹೋಗಿ ಕೂತಳು. ಈಗ ಶುರುವಾಗಿರಬೇಕು, ಈಗ ಅಣ್ಣ ತನ್ನ ಬೆನ್ನನ್ನು ತಾನೇ ನೋಡುತ್ತಿರಬೇಕು ಎಂದುಕೊಂಡಳು.

ಎಲ್ಲಿಯ ಶುರು! ಹಜಾರದಲ್ಲಿ ಮಿರಿಯಾಮ ಕೈಕೈ ಹಿಸುಕಿಕೊಳ್ಳುತ್ತಿದ್ದಳು. ಹೌಸಿಯ ವ್ಯಾನಿನಿಂದ ಇಳಿದೇ ಇರಲಿಲ್ಲ. ಕರೆಯಲು ಹೋದ ಕಮಲೇಶನಿಗೆ ಅವನು ಹೇಳಿದ್ದು ಇಷ್ಟು: "ತಂಗಿ ಮಾಡಿದ ಸಿನಿಮಾ. ತಂಗಿ ಒಳಗಿರ್ತಾಳೆ. ನಾನು ಹೆಂಗಪ್ಪಾ ಹೋಗ್ಲಿ? ಇಲ್ಲೇ ಕೂತ್ಕೋತೀನಿ, ಚಪ್ಪಾಳೆ ಕೇಳಿಸುತ್ತಲ್ಲ, ಸಾಕು."

"ಅಯ್ಯೋ, ಅವ್ರೂ ಒಳಗಿಲ್ಲ ಸ್ವಾಮಿ!"

"ಸಿನಿಮಾ ಮಾಡಿದೋಳೇ ಒಳಗಿಲ್ವಾ? ಸುಳ್ಳು ಹೇಳ್ಬೇಡ ನನ್ಹತ್ರ."

ತಂಗಿ ತಂಗುದಾಣದಲ್ಲಿ, ಅಣ್ಣ ವ್ಯಾನಿನಲ್ಲಿ. ನಡುವೆ ಊರಿಗೆ ಊರೇ ಕೂತು ಖಾಲಿ ತೆರೆ ನೋಡುತ್ತಿದೆ. ಇಂಥ ಎಡವಟ್ಟು ಟೋಂಗಾದವರನ್ನು ಬಿಟ್ಟರೆ ಇನ್ಯಾರು ಮಾಡಿಯಾರು ಹೇಳಿ!

ವಿಷಯ ಅಕೊಸಿತ ಅತ್ತೆಯ ಕಿವಿಗೆ ಬಿತ್ತು. ಅಕೊಸಿತ ಇಬ್ಬರಿಗೂ ಸೋದರತ್ತೆ, ಅಪ್ಪನ ಅಕ್ಕ. ಆ ಮನೆತನದಲ್ಲಿ ಅವಳ ಮಾತಿಗೆ ಪಾದ್ರಿಯೂ ಎದುರಾಡುವುದಿಲ್ಲ. ಕೋಲೂರಿಕೊಂಡು ಎದ್ದಳು.

"ಎರಡು ಕತ್ತೆಗಳನ್ನ ಎತ್ತಿ ಆಡ್ಸಿದ್ದು ಈ ಕೈ! ಬನ್ರೋ ಇಲ್ಲಿ. ಊಟದ ಮೇಜಿನ ಬಿಳಿ ಹಾಸು ತೆಗೀರಿ. ಎಲ್ಲಾ ತೆಗೀರಿ!"

ಗಂಡಸರು ತಟ್ಟೆಗಳನ್ನು ನೆಲಕ್ಕಿಳಿಸಿದರು. ಹೆಂಗಸರು ಹಾಸುಗಳನ್ನು ಸೇರಿಸಿ ಪಿನ್ನು ಚುಚ್ಚಿದರು. ಬ್ಯಾಸ್ಕೆಟ್‌ಬಾಲ್ ಕಂಬದಿಂದ ಕಂಬಕ್ಕೆ ಹಗ್ಗ ಎಳೆದು, ಹಜಾರದ ನಟ್ಟನಡುವೆ ಬಿಳಿ ಬಟ್ಟೆಯ ಗೋಡೆ ಎಬ್ಬಿಸಿದರು. ಈ ಕಡೆಯಿಂದ ಬಿಟ್ಟ ಬೆಳಕು ಆ ಕಡೆಗೂ ಮೂಡುವಷ್ಟು ತೆಳ್ಳಗಿನ ಬಟ್ಟೆ.

"ಅಮ್ಮಾ, ಆ ಕಡೆ ಚಿತ್ರ ಎಲ್ಲಾ ಉಲ್ಟಾ ಕಾಣುತ್ತಲ್ಲ" ಎಂದ ಕಮಲೇಶ.

"ಕಾಣ್ಲಿ ಬಿಡಪ್ಪಾ. ಬೆನ್ನಿಗೆ ಎಡ ಯಾವುದು ಬಲ ಯಾವುದು?"

ಹಿರಿಯನೊಬ್ಬ ಮೂಗು ಮುರಿದ. "ಸೂರು ಒಂದೇ ಅಲ್ವಾ ಅಕೊಸಿತ?"

"ದಿನಾ ಇಬ್ರೂ ಒಂದೇ ಬಸ್ಸಲ್ಲಿ ಹೋಗ್ತಾರಲ್ಲ, ಅದಕ್ಕೆ ಸೂರಿಲ್ವಾ? ಗೋಡೆ ಪಕ್ಕ ನಾನು ಕೂತ್ಕೋತೀನಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಕೇಳು."

ಹೌಸಿಯನನ್ನು ಹಿಂಬಾಗಿಲಿನಿಂದ ಆ ಕಡೆಗೆ ಕರೆತಂದರು. ಮೆಲಿಯಾಮೆಯನ್ನು ಮುಂಬಾಗಿಲಿನಿಂದ ಈ ಕಡೆಗೆ. ಅಂಚಿನಲ್ಲಿ ಕುರ್ಚಿ ಹಾಕಿಕೊಂಡು, ಆ ಕಡೆಗೊಂದು ಕಣ್ಣು ಈ ಕಡೆಗೊಂದು ಕಣ್ಣು ಇಟ್ಟು ಅತ್ತೆ ಕೂತಳು. ದೀಪ ಆರಿತು.

ಮೆಲಿಯಾಮೆಗೆ ಆಗ ಒಮ್ಮೆಲೇ ನೆನಪಾಯಿತು. ಸಿನಿಮಾದ ನಡುವೆ ಅತ್ತೆಯೇ ಹೇಳುವ ಕತೆಯಿತ್ತು. ಅಪ್ಪ ಹರೆಯದಲ್ಲಿ ಅಮ್ಮನನ್ನು ನೋಡಲು ದೀವಿ ಹಲಸಿನ ಮರ ಹತ್ತಿದ್ದು, ಉಟ್ಟ ಬಟ್ಟೆ ಕೊಂಬೆಗೆ ಸಿಕ್ಕಿ ಅದು ಮೇಲೆಯೇ ಉಳಿದು ಆಸಾಮಿ ಮಾತ್ರ ಕೆಳಗೆ ಬಿದ್ದದ್ದು. ಅಣ್ಣ ಇರುವಲ್ಲಿ ತಾನು ಕೇಳಬಾರದ ಮಾತು! ತೆಗೆಸಲು ಈಗ ಸಮಯವೆಲ್ಲಿ? ಆ ಘಟ್ಟ ಬಂತು, ಹಜಾರ ಬಿದ್ದು ಬಿದ್ದು ನಕ್ಕಿತು. ಅವಳು ಸೆರಗಿಲ್ಲದ ಹೆಂಗಸು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬಟ್ಟೆಯಾಚೆಯಿಂದ ಚರ್ಚಿನ ಹಾಡಿನಲ್ಲಿ ಕೇಳುವ ಅಣ್ಣನ ಅದೇ ತಗ್ಗು ದನಿ, ಜೋರಾಗಿ, ಬೇಕೆಂದೇ, ಕೆಮ್ಮಿತು. ಕೆಮ್ಮುತ್ತಲೇ ಇತ್ತು, ನಗು ಮುಗಿಯುವವರೆಗೂ. ನನಗೇನೂ ಕೇಳಿಸಲಿಲ್ಲ ತಂಗಿ, ಎಂದು ಅದರ ಅರ್ಥ.

ಆಮೇಲೆ ತೋಟದಲ್ಲಿ ಬೆನ್ನು, ಚರ್ಚಿನಲ್ಲಿ ಬೆನ್ನು, ನಿಲ್ದಾಣದ ಮಬ್ಬಿನಲ್ಲಿ ಬೆನ್ನು. ಅಷ್ಟರಲ್ಲಿ ಮೆಲಿಯಾಮೆ ಒಂದು ವಿಚಿತ್ರ ಕಂಡಳು. ತೆರೆಯ ಒಂದು ಜಾಗದಲ್ಲಿ ಬಟ್ಟೆ ಮೆಲ್ಲಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಕಿಟಕಿಗಳೆಲ್ಲ ಮುಚ್ಚಿವೆ, ಗಾಳಿಯಿಲ್ಲ. ಅದು ಉಸಿರು. ಕಣ್ಣು ಮಬ್ಬಾದ ಅಣ್ಣ ಕುರ್ಚಿ ಬಿಟ್ಟೆದ್ದು, ಮೂಗು ತಾಗುವಷ್ಟು ಹತ್ತಿರ ಬಂದು ನಿಂತಿದ್ದಾನೆ! ಕೊನೆಗೆ ಬಸ್ಸಿನ ಕನ್ನಡಿ ಬಂತು, ಅದರಲ್ಲಿ ಅವನ ಮುಖ ಬಂತು, ಹುಬ್ಬು ಮೇಲೆದ್ದವು. ಅಷ್ಟು ದೊಡ್ಡ ಮುಖದ ಕೆನ್ನೆಯ ಮೇಲೆ ಅವನ ಉಸಿರು ಆಡುತ್ತಿತ್ತು. ದೇವರೇ, ಇದನ್ನು ನಾನು ಮಾಡಿದೆನೇ ಎಂದುಕೊಂಡಳು ಅವಳು. ಅಣ್ಣ ಎದ್ದು ಹೋಗಲಿಲ್ಲ. ಕೊನೆಯವರೆಗೂ ಇದ್ದ.

ಚಪ್ಪಾಳೆ ಮುಗಿದು ದೀಪ ಬರುವಷ್ಟರಲ್ಲಿ ಆ ಕಡೆ ಖಾಲಿ. ವ್ಯಾನು ಹೊರಟ ಸದ್ದು ಕೇಳಿತು. ಅತ್ತೆ ಕಣ್ಣೊರೆಸಿಕೊಳ್ಳುತ್ತ, ಒರೆಸಿಕೊಳ್ಳಲಿಲ್ಲವೆಂಬಂತೆ ಬಂದಳು.

"ಏನಂದ ಅತ್ತೆ?"

"ಏನಂತಾನೆ? ಕತ್ತೆ ಹಂಗೆ ಅತ್ತ. ಹಲಸಿನ ಮರದ ಕತೆ ಯಾಕೆ ಹೇಳ್ದೆ ಅಂತ ನನ್ನೇ ಬೈದ."

"ಅಷ್ಟೇನಾ?"

ಅತ್ತೆ ಅವಳ ಕೈ ಹಿಡಿದುಕೊಂಡಳು. "ಇನ್ನೊಂದು ಹೇಳ್ದ. 'ಅವಳು ನನ್ನ ಮುಖಾನ ಆ ಕನ್ನಡೀಲಿ ಒಂದು ಸಲ ಹಿಡ್ದಿದಾಳೆ. ಅದೇ ಕನ್ನಡೀಲಿ ನಾನು ದಿನಾ ಬೆಳಿಗ್ಗೆ ಅವಳ ಮುಖ ನೋಡ್ತಿದ್ದೆ ಅಂತ ಹೇಳು. ಕೊನೇ ಸೀಟಿಂದ ಮಾತ್ರ ಅದು ಕಾಣೋದು. ಈಗೀಗ ಕಾಣ್ತಿಲ್ಲ ಅಂತಾನೂ ಹೇಳು' ಅಂದ."



ಸೋಮವಾರ ಅವಳು ಕೆಲಸಕ್ಕೆ ಮರಳಿದಳು. ಮೊದಲ ಬಸ್ಸು, ಹೊರಗಿನ್ನೂ ಮಸುಕು. ಹೌಸಿಯ ಹತ್ತಿದ, ಕಾರ್ಡು ತಾಗಿಸಿದ, ನೆಲ ನೋಡುತ್ತ ಕೊನೆಯ ಸೀಟಿಗೆ ಹೋಗಿ ಕೂತ. ಅವಳು ಬಾಗಿಲು ಮುಚ್ಚಿ, ಹೊರಡುವ ಮುಂಚೆ, ಕೈಯೆತ್ತಿ ತನ್ನ ತಲೆಯ ಮೇಲಿನ ದೀಪ ಹಾಕಿದಳು. ಕಾರ್ಖಾನೆ ಬರುವವರೆಗೂ ಅದನ್ನು ಆರಿಸಲಿಲ್ಲ.